ಅಟ್ಟದ ಧೂಳಿನಿಂದ ಎದೆ ಬಿಗಿತದವರೆಗೆ: ಅಲರ್ಜಿ ಅಸ್ತಮಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಆರನೇ ವಯಸ್ಸಿನಿಂದ ಅಸ್ತಮಾ ಇದೆ. ಮುಂದೆ ಓದಿದ್ದು ಜೀವಶಾಸ್ತ್ರ, ಈಗ ಅದನ್ನೇ ಪಾಠ ಮಾಡುತ್ತೇನೆ. ಹಾಗಾಗಿ ನೆಂಟರು, ಅಕ್ಕಪಕ್ಕದ ಮನೆಯವರು, ವಿದ್ಯಾರ್ಥಿಗಳ ಅಪ್ಪ ಅಮ್ಮ ಎಲ್ಲರೂ ಸಿಕ್ಕಾಗ ಇದರ ಬಗ್ಗೆಯೇ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಯಾವ ಔಷಧಿ, ಎಷ್ಟು ಡೋಸ್ ಅನ್ನುವುದನ್ನು ನಿಮ್ಮ ಡಾಕ್ಟರ ಹತ್ತಿರವೇ ಮಾತಾಡಿ. ಆದರೆ ಉಸಿರುಕೊಳವೆಯ ಒಳಗೆ ಯಾವ ಕೋಶ ಯಾವುದಕ್ಕೆ ಏನು ಹೇಳಿ ಕಳಿಸುತ್ತದೆ ಅನ್ನುವುದು ಒಮ್ಮೆ ಮನಸ್ಸಿಗೆ ಹೊಕ್ಕರೆ, ಔಷಧಿಯನ್ನು ನಡುವೆ ಬಿಡಲು ಧೈರ್ಯ ಬರುವುದಿಲ್ಲ. ನನ್ನ ಮಟ್ಟಿಗೆ ಹಾಗೇ ಆಯಿತು.

ಅಲರ್ಜಿ ಅಸ್ತಮಾ ಅಂದರೆ ಏನು? ಉಬ್ಬಸ, ದಮ್ಮು ಅಂತಾರಲ್ಲ, ಅದೇನಾ?

ಹೆಚ್ಚಾಗಿ ಅದೇ. ಶ್ವಾಸಕೋಶಕ್ಕೆ ಗಾಳಿ ಒಯ್ಯುವ ಕೊಳವೆಗಳ ಒಳಗೋಡೆ ಊದಿಕೊಂಡಿರುತ್ತದೆ. ಸುತ್ತಲಿನ ಸ್ನಾಯು ಬಿಗಿಯುತ್ತದೆ. ಒಳಗೆ ಕಫ ತುಂಬುತ್ತದೆ. ಮೂರೂ ಸೇರಿ ದಾರಿ ಕಿರಿದಾಗುತ್ತದೆ, ಉಸಿರು ಬಿಡುವಾಗ ಸುಂಯ್ ಅಂತ ಸದ್ದು ಬರುತ್ತದೆ.

ಇದಕ್ಕೆ ಕಿಡಿ ಹಚ್ಚುವುದು ಧೂಳು, ಪರಾಗ, ಬೂಸ್ಟು, ಬೆಕ್ಕು ನಾಯಿಯ ಮೈಯಿಂದ ಉದುರುವ ಹೊಟ್ಟು, ಜಿರಳೆಯ ಕಣ ಇಂಥವು. ಇವು ಯಾವುವೂ ವಿಷವಲ್ಲ. ಪಕ್ಕದಲ್ಲೇ ಕೂತವರಿಗೆ ಏನೂ ಆಗುವುದಿಲ್ಲ. ನಮ್ಮ ರೋಗನಿರೋಧಕ ಕೋಶಗಳು ಮಾತ್ರ ಇವನ್ನು ಹೊಟ್ಟೆಹುಳದಂಥ ಶತ್ರು ಅಂತ ಲೆಕ್ಕ ಹಾಕುತ್ತವೆ. ಹೊಟ್ಟೆಹುಳ ಅಂತ ಸುಮ್ನೆ ಹೇಳಿದ್ದಲ್ಲ. ಕರುಳಿಗೆ ಹುಳ ಬಿದ್ದಾಗ ದೇಹ ಲೋಳೆ ಸುರಿಸುತ್ತದೆ, ಸ್ನಾಯು ಹಿಂಡುತ್ತದೆ, ಹುಳವನ್ನು ಹೊರಗೆ ತಳ್ಳುತ್ತದೆ. ಅಲರ್ಜಿಯಲ್ಲಿ ನಡೆಯುವುದೂ ಅದೇ ಕೆಲಸ, ಅದೇ ಕೋಶಗಳು. ಕರುಳಿನಲ್ಲಿ ನಡೆದರೆ ಉಪಕಾರ. ಉಸಿರುಕೊಳವೆಯಲ್ಲಿ ನಡೆದರೆ ಪ್ರಾಣಕ್ಕೆ ಬರುತ್ತದೆ.

ಅಟ್ಟ ಗುಡಿಸಿದ ತಕ್ಷಣ ಸೀನು ಬಂತು, ಆಮೇಲೆ ಸರಿಹೋಯ್ತು. ಮತ್ತೆ ರಾತ್ರಿ ಯಾಕೆ ದಮ್ಮು ಬಂತು?

ನಮ್ಮನೆಯಲ್ಲಿ ದಸರೆಗೆ ಮುಂಚೆ ಅಟ್ಟ ಗುಡಿಸುವ ಪದ್ಧತಿ. ಗೊಂಬೆ ಪೆಟ್ಟಿಗೆ ಇಳಿಸಬೇಕು, ಹಳೇ ಹಾಸಿಗೆ ಬಿಸಿಲಿಗೆ ಹಾಕಬೇಕು. ಚಿಕ್ಕವನಿದ್ದಾಗ ಮಧ್ಯಾಹ್ನ ಮೂರಕ್ಕೆ ಹಾಸಿಗೆ ಕೊಡವಿದರೆ ಐದೇ ನಿಮಿಷದಲ್ಲಿ ಹತ್ತು ಹನ್ನೆರಡು ಸೀನು, ಕಣ್ಣಲ್ಲಿ ನೀರು, ಸ್ವಲ್ಪ ಎದೆ ಬಿಗಿತ. ಐದು ಗಂಟೆಗೆಲ್ಲ ಆರಾಮ. ಕಾಫಿ ಕುಡಿದು ಆಡಲು ಹೋಗುತ್ತಿದ್ದೆ. ರಾತ್ರಿ ಹತ್ತರ ಹೊತ್ತಿಗೆ ಎದೆ ಮೇಲೆ ಕಲ್ಲು ಇಟ್ಟ ಹಾಗೆ ಆಗುತ್ತಿತ್ತು. "ಸಂಜೆ ಆಡುವಾಗ ತಣ್ಣನೆ ಗಾಳಿ ಕುಡಿದೆ, ಅದಕ್ಕೇ" ಅನ್ನುತ್ತಿದ್ದರು ಅಮ್ಮ. ಎಷ್ಟೋ ವರ್ಷ ನಾನೂ ಹಾಗೇ ನಂಬಿದ್ದೆ.

ನಿಜ ಏನೆಂದರೆ ಎರಡೂ ಅದೇ ಧೂಳಿನ ಕೆಲಸ. ಮೊದಲನೆಯದನ್ನು ಬೇಗದ ಹಂತ ಅನ್ನೋಣ. ಕೆಲವೇ ನಿಮಿಷದಲ್ಲಿ ಶುರುವಾಗಿ ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಎರಡನೆಯದು ತಡವಾದ ಹಂತ. ಸಾಮಾನ್ಯವಾಗಿ 4ರಿಂದ 8 ಗಂಟೆಯ ನಂತರ ಬರುತ್ತದೆ, ಜಾಸ್ತಿ ಹೊತ್ತು ಇರುತ್ತದೆ. ಪರೀಕ್ಷೆಗಾಗಿ ಅಲರ್ಜಿಯ ವಸ್ತುವನ್ನು ಉಸಿರಲ್ಲಿ ಕೊಟ್ಟಾಗ ದೊಡ್ಡವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಈ ಎರಡನೇ ಸುತ್ತು ಕಾಣಿಸಿಕೊಳ್ಳುತ್ತದೆ. ಬೇಗದ ಹಂತ ಮಾಸ್ಟ್ ಕೋಶಗಳು (ಉಸಿರುಕೊಳವೆಯಲ್ಲೇ ಇರುವ ರೋಗನಿರೋಧಕ ಕೋಶಗಳು, ಇವುಗಳ ಕತೆ ಮುಂದೆ ಬರುತ್ತದೆ) ಉಗುಳಿದ ರಾಸಾಯನಿಕಗಳದ್ದು. ತಡವಾದ ಹಂತದಲ್ಲಿ ಆ ಕರೆ ಕೇಳಿ ರಕ್ತದಿಂದ ಹೊಸ ಕೋಶಗಳು ಬಂದು ಸೇರಿರುತ್ತವೆ. ಅವು ಬರಲು ಹಿಡಿಯುವ ಸಮಯವೇ ಆ ನಡುವಿನ ಆರಾಮದ ಸಂಜೆ.

ಮೊದಲ ಸುದ್ದಿ ಕಳಿಸುವುದು ಯಾರು?

ಕೊಳವೆಯ ಒಳಪದರದ ಕೋಶಗಳು. ಬಹಳ ಕಾಲ ಇದನ್ನು ಸುಮ್ನೆ ಒಂದು ಗೋಡೆ ಅಂತ ತಿಳಿದಿದ್ದರು. ಈಗ ಗೊತ್ತಾಗಿರುವುದು ಅಲ್ಲೇ ಮೊದಲ ಗಂಟೆ ಬಾರಿಸುವುದು ಅಂತ.

ಹಾಸಿಗೆ, ದಿಂಬಿನಲ್ಲಿ ಧೂಳಿನ ನುಸಿಗಳು ಇರುತ್ತವೆ. ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಇಲ್ಲ, ಕಣ್ಣಿಗೆ ಕಾಣುವುದಿಲ್ಲ. ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟು ತಿಂದು ಬದುಕುತ್ತವೆ. ಇವುಗಳ ಹಿಕ್ಕೆಯಲ್ಲಿ ಡರ್ ಪಿ 1 ಅನ್ನುವ ಪ್ರೊಟೀನ್ ಇದೆ. ಅದು ಜೀರ್ಣಕ್ಕೆ ಬಳಸುವ ಕಿಣ್ವ, ಅಂದರೆ ಬೇರೆ ಪ್ರೊಟೀನುಗಳನ್ನು ಕತ್ತರಿಸುವ ಕತ್ತರಿ. ಉಸಿರಿನ ಜೊತೆ ಒಳಗೆ ಬಂದಾಗ, ಒಳಪದರದ ಕೋಶಗಳನ್ನು ಒಂದಕ್ಕೊಂದು ಹೊಲಿದಿಟ್ಟ ಹೊಲಿಗೆಯನ್ನೇ ಕತ್ತರಿಸುತ್ತದೆ. ಹೊಲಿಗೆ ಬಿಟ್ಟ ಜಾಗದಿಂದ ಅಲರ್ಜಿಯ ವಸ್ತು ಒಳಗೆ ನುಗ್ಗುತ್ತದೆ.

ಪೆಟ್ಟು ತಿಂದ ಕೋಶಗಳು ಮೂರು ಸಂದೇಶ ಬಿಡುತ್ತವೆ: ಟಿಎಸ್‌ಎಲ್‌ಪಿ, ಐಎಲ್-33, ಐಎಲ್-25. ಹೆಸರು ನೆನಪಿಡಬೇಕಾಗಿಲ್ಲ. ಮೂರನ್ನೂ ಸೇರಿಸಿ ಅಲಾರಂ ಅಂತ ಕರೆಯಬಹುದು. ಹೊಗೆ, ಶೀತದ ವೈರಸ್ ಕೂಡ ಇದೇ ಅಲಾರಂ ಒತ್ತುತ್ತವೆ. ನೆಗಡಿ ಬಂದ ವಾರವೇ ಅಸ್ತಮಾ ಕೆರಳುವುದಕ್ಕೆ ಇದೂ ಒಂದು ಕಾರಣ.

ಅಲಾರಂ ಕೇಳಿದಾಗ ಎರಡು ಕಡೆ ಕೆಲಸ ಶುರುವಾಗುತ್ತದೆ. ಐಎಲ್‌ಸಿ2 ಅನ್ನುವ ಕೋಶಗಳು ಅಲ್ಲೇ ಕಾದಿರುತ್ತವೆ, ತಕ್ಷಣ ಐಎಲ್-5, ಐಎಲ್-13 ಅನ್ನುವ ಸಂದೇಶಗಳನ್ನು ಸುರಿಸುತ್ತವೆ. ಇವನ್ನು ಗುರುತಿಸಿದ್ದು 2010ರ ಸುಮಾರಿಗೆ, ಅಂದರೆ ತೀರಾ ಇತ್ತೀಚೆಗೆ. ಇನ್ನೊಂದು ಕಡೆ ಡೆಂಡ್ರೈಟಿಕ್ ಕೋಶ ಅಲರ್ಜಿಯ ವಸ್ತುವಿನ ಚೂರೊಂದನ್ನು ಹೊತ್ತುಕೊಂಡು ಹತ್ತಿರದ ದುಗ್ಧಗ್ರಂಥಿಗೆ ಹೋಗುತ್ತದೆ. ಅಲ್ಲಿ ಟಿ ಕೋಶಕ್ಕೆ, ಅಂದರೆ ಶತ್ರುವಿನ ಗುರುತು ಹಿಡಿಯುವ ಒಂದು ಬಗೆಯ ಬಿಳಿ ರಕ್ತಕಣಕ್ಕೆ, ಅದನ್ನು ತೋರಿಸುತ್ತದೆ. ಅಲಾರಂ ಜೊತೆಗೆ ತೋರಿಸಿದರೆ ಆ ಟಿ ಕೋಶ ಟಿಎಚ್2 ಆಗಿ ಬದಲಾಗುತ್ತದೆ. ಇಂಥ ಟಿ ಕೋಶಗಳಲ್ಲಿ ಎರಡು ಜಾತಿ ಇವೆ ಅಂತ ಮಾಸ್ಮನ್ ಮತ್ತು ಕಾಫ್‌ಮನ್ 1986ರಲ್ಲಿ ಇಲಿಯ ಕೋಶಗಳಲ್ಲಿ ತೋರಿಸಿದರು. ಟಿಎಚ್2 ಕೋಶ ಮರೆಯುವುದಿಲ್ಲ. ಕೆಲವು ಶ್ವಾಸಕೋಶದಲ್ಲೇ ಉಳಿದುಬಿಡುತ್ತವೆ. ವರ್ಷ ಕಳೆದು ಅದೇ ಧೂಳು ಬಂದರೂ ಗುರುತು ಹಿಡಿಯುತ್ತವೆ.

ಐಜಿಇ ಟೆಸ್ಟ್ ಬರೆದುಕೊಟ್ಟಿದ್ದಾರೆ. ಐಜಿಇ ಅಂದರೇನು?

ಒಂದು ಪ್ರತಿಕಾಯ, ಅಂದರೆ ಹೊರಗಿನ ವಸ್ತುವನ್ನು ಗುರುತಿಸಿ ಹಿಡಿಯಲು ದೇಹ ಮಾಡುವ ಪ್ರೊಟೀನ್. ರಕ್ತದಲ್ಲಿರುವ ಪ್ರತಿಕಾಯಗಳಲ್ಲೆಲ್ಲ ತೀರಾ ಕಮ್ಮಿ ಇರುವುದು ಇದೇ. ಇದನ್ನು ಹುಡುಕಿದ ಕತೆ ನನಗೆ ಬಹಳ ಇಷ್ಟ, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

1921. ಆಗ ಜರ್ಮನಿಯಲ್ಲಿದ್ದ ಬ್ರೆಸ್ಲಾವ್ ಊರು. ಹೈನ್ಜ್ ಕ್ಯುಸ್ಟ್ನರ್ ಅನ್ನುವ ವೈದ್ಯರಿಗೆ ಬೇಯಿಸಿದ ಮೀನು ತಿಂದರೆ ಅಲರ್ಜಿ. ಅವರ ಜೊತೆಗಾರ ಕಾರ್ಲ್ ಪ್ರೌಸ್‌ನಿಟ್ಜ್‌ಗೆ ಮೀನಿನಿಂದ ಏನೂ ಆಗುತ್ತಿರಲಿಲ್ಲ. ಪ್ರೌಸ್‌ನಿಟ್ಜ್ ತಮ್ಮ ಚರ್ಮಕ್ಕೆ ಕ್ಯುಸ್ಟ್ನರ್ ರಕ್ತದ ಸೀರಂ ಚುಚ್ಚಿಕೊಂಡರು. ಮಾರನೇ ದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿಕೊಂಡರು. ಆ ಜಾಗ ಮಾತ್ರ ಕೆಂಪಾಗಿ ದದ್ದು ಎದ್ದಿತು. ಅಂದರೆ ಅಲರ್ಜಿಯನ್ನು ಹೊತ್ತೊಯ್ಯುವ ಏನೋ ಒಂದು ರಕ್ತದಲ್ಲಿದೆ ಅಂತ ಆಯಿತು. ಅದು ಏನು ಅಂತ ತಿಳಿಯಲು ಇನ್ನೂ 45 ವರ್ಷ ಹಿಡಿಯಿತು. 1966ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಕಿಮಿಶಿಗೆ ಇಶಿಜಾಕಾ ಮತ್ತು ತೆರುಕೊ ಇಶಿಜಾಕಾ ದಂಪತಿ ಅದನ್ನು ಹಿಡಿದರು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಕ್ ಬೇರೆ ದಾರಿಯಿಂದ ಅಲ್ಲಿಗೇ ತಲುಪಿದರು. 1968ರಲ್ಲಿ ಐಜಿಇ ಅಂತ ಹೆಸರು ಗಟ್ಟಿಯಾಯಿತು.

ಐಜಿಇ ಮಾಡಿಸುವುದು ಟಿಎಚ್2ನಂಥ ಕೋಶಗಳು ಕಳಿಸುವ ಐಎಲ್-4 ಸಂದೇಶ. ಪ್ರತಿಕಾಯ ಮಾಡುವ ಬಿ ಕೋಶದ ಮೇಲೆ ಅದಕ್ಕೆಂದೇ ರಿಸೆಪ್ಟರ್, ಅಂದರೆ ಸಂದೇಶ ಬಂದು ಕೂರುವ ಜಾಗ, ಇದೆ. ಐಎಲ್-4 ಬಂದು ಕೂತರೆ, ಕೋಶದ ಒಳಗೆ ಸ್ಟ್ಯಾಟ್6 ಅನ್ನುವ ಪ್ರೊಟೀನ್ ಎಚ್ಚರವಾಗಿ ನ್ಯೂಕ್ಲಿಯಸ್ಸಿಗೆ ಹೋಗುತ್ತದೆ. "ಇನ್ನು ಮೇಲೆ ಐಜಿಇ ಮಾಡು" ಅನ್ನುವ ಆದೇಶ ತಲುಪುವುದು ಹೀಗೆ. ಹುಟ್ಟಿದ ಐಜಿಇ ರಕ್ತದಲ್ಲಿ ತಿರುಗಾಡುವುದು ಎರಡು ಮೂರು ದಿನ ಅಷ್ಟೇ. ಆದರೆ ಮಾಸ್ಟ್ ಕೋಶದ ಮೈಗೆ ಅಂಟಿಕೊಂಡರೆ ವಾರಗಟ್ಟಲೆ ಅಲ್ಲೇ ಇರುತ್ತದೆ.

ರಿಪೋರ್ಟ್ ನೋಡುವಾಗ ಒಂದು ಮಾತು ನೆನಪಿರಲಿ. ಒಟ್ಟು ಐಜಿಇ ಜಾಸ್ತಿ ಇದ್ದ ಮಾತ್ರಕ್ಕೆ ಅಲರ್ಜಿ ಅಂತ ಹೇಳಲು ಬರುವುದಿಲ್ಲ. ಹೊಟ್ಟೆಹುಳ ಇದ್ದರೂ ಅದು ಏರುತ್ತದೆ. ಯಾವ ವಸ್ತುವಿಗೆ ಅಲರ್ಜಿ ಅಂತ ತಿಳಿಯಲು ಚರ್ಮದ ಚುಚ್ಚು ಪರೀಕ್ಷೆ ಅಥವಾ ಆ ವಸ್ತುವಿಗೇ ಬೇರೆಯಾಗಿ ಮಾಡುವ ಐಜಿಇ ಪರೀಕ್ಷೆ ಬೇಕು. ಚುಚ್ಚು ಪರೀಕ್ಷೆಯಲ್ಲಿ 15-20 ನಿಮಿಷಕ್ಕೆ 3 ಮಿಲಿಮೀಟರ್ ಅಥವಾ ಹೆಚ್ಚು ಅಗಲದ ಗಂಟು ಎದ್ದರೆ ಪಾಸಿಟಿವ್ ಅನ್ನುತ್ತಾರೆ. ಪರೀಕ್ಷೆಗೆ ಕೆಲವು ದಿನ ಮುಂಚೆಯೇ ಅಲರ್ಜಿ ಮಾತ್ರೆ ನಿಲ್ಲಿಸಲು ಹೇಳುತ್ತಾರೆ, ಕೇಳಿಕೊಳ್ಳಿ.

ಮಾಸ್ಟ್ ಕೋಶ ಒಡೆಯುತ್ತೆ ಅಂತಾರೆ. ಒಡೆದರೆ ಸತ್ತು ಹೋಗುತ್ತಾ?

ಇಲ್ಲ. ಹೊಟ್ಟೆಯೊಳಗಿನ ಚೀಲಗಳನ್ನು ಹೊರಗೆ ಖಾಲಿ ಮಾಡುತ್ತದೆ, ಆಮೇಲೆ ಮತ್ತೆ ತುಂಬಿಕೊಳ್ಳುತ್ತದೆ. 1878ರಲ್ಲಿ ಪಾಲ್ ಎರ್ಲಿಕ್ ಇದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಕಾಳು ಕಾಳಾಗಿ ತುಂಬಿಕೊಂಡಿದ್ದು ಕಂಡಿತು. ಚೆನ್ನಾಗಿ ತಿಂದು ಕೊಬ್ಬಿದ ಕೋಶ ಅಂತ ಅರ್ಥ ಬರುವ ಜರ್ಮನ್ ಹೆಸರಿಟ್ಟರು. ಆ ಕಾಳುಗಳಲ್ಲಿ ಇರುವುದು ಹಿಸ್ಟಮಿನ್, ಟ್ರಿಪ್ಟೇಸ್ ಮುಂತಾದವು.

ಅಟ್ಟದ ಹಾಸಿಗೆಗೇ ವಾಪಸ್ ಬರೋಣ. ಮಾಸ್ಟ್ ಕೋಶದ ಮೈಮೇಲಿನ ರಿಸೆಪ್ಟರುಗಳಲ್ಲಿ ಐಜಿಇಗಳು ಕೂತಿರುತ್ತವೆ. ನುಸಿಯ ಪ್ರೊಟೀನ್ ಕಣವೊಂದು ಬಂದು ಅಕ್ಕಪಕ್ಕದ ಎರಡು ಐಜಿಇಗಳನ್ನು ಒಟ್ಟಿಗೆ ಹಿಡಿಯುತ್ತದೆ. ಒಂದನ್ನೇ ಹಿಡಿದರೆ ಏನೂ ಆಗುವುದಿಲ್ಲ. ಎರಡು ರಿಸೆಪ್ಟರ್ ಹತ್ತಿರ ಬಂದಾಗ ಒಳಬದಿಯಲ್ಲಿ ಲಿನ್ ಅನ್ನುವ ಕಿಣ್ವ ರಿಸೆಪ್ಟರಿನ ಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಆ ಗುರುತು ನೋಡಿ ಸಿಕ್ ಅನ್ನುವ ಇನ್ನೊಂದು ಕಿಣ್ವ ಬಂದು ಕೂತು ಎಚ್ಚರವಾಗುತ್ತದೆ. ಅಲ್ಲಿಂದ ಸುದ್ದಿ ಕೈಯಿಂದ ಕೈಗೆ ದಾಟಿ, ಕೊನೆಗೆ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಕ್ಯಾಲ್ಸಿಯಂ ಏರಿದ ಕೂಡಲೇ ಚೀಲಗಳು ಕೋಶದ ಅಂಚಿಗೆ ಬಂದು ಬಾಯಿ ತೆರೆಯುತ್ತವೆ. ಇದೆಲ್ಲ ನಡೆಯುವುದು ಕೆಲವೇ ನಿಮಿಷಗಳಲ್ಲಿ.

ಹೀಗೆ ಮೊದಲು ಹೊರಗೆ ಬರುವುದು ತಯಾರಾಗಿಯೇ ಇದ್ದ ಹಿಸ್ಟಮಿನ್. ಅದರ ಬೆನ್ನಿಗೇ ಕೋಶದ ಪೊರೆಯ ಕೊಬ್ಬಿನಿಂದ ಲ್ಯೂಕೋಟ್ರೈನ್ ಮತ್ತು ಪ್ರಾಸ್ಟಾಗ್ಲಾಂಡಿನ್ ಡಿ2 ಹೊಸದಾಗಿ ತಯಾರಾಗುತ್ತವೆ. ಇವು ಸ್ನಾಯುವನ್ನು ಬಿಗಿಯುವುದರಲ್ಲಿ ಹಿಸ್ಟಮಿನ್‌ಗಿಂತ ಬಹಳ ಜೋರು. ಗಂಟೆಗಳು ಕಳೆದಂತೆ ಜೀನುಗಳು ಚಾಲೂ ಆಗಿ ಐಎಲ್-5, ಐಎಲ್-13, ಟಿಎನ್‌ಎಫ್‌ನಂಥ ಸಂದೇಶಗಳು ಹೊರಡುತ್ತವೆ. ರಾತ್ರಿ ಹತ್ತರ ದಮ್ಮಿಗೆ ಮಧ್ಯಾಹ್ನವೇ ಕಾಗದ ಬರೆದಾಗಿರುತ್ತದೆ.

ಐಎಲ್-4, ಐಎಲ್-5, ಐಎಲ್-13. ಇಷ್ಟೊಂದು ನಂಬರ್ ಯಾಕೆ?

ಐಎಲ್ ಅಂದರೆ ಇಂಟರ್‌ಲ್ಯೂಕಿನ್, ಬಿಳಿ ರಕ್ತಕಣಗಳ ನಡುವಿನ ಸಂದೇಶ. ಹೆಚ್ಚುಕಮ್ಮಿ ಕಂಡುಹಿಡಿದ ಸಾಲಿನಲ್ಲಿ ನಂಬರ್ ಕೊಟ್ಟಿದ್ದಾರೆ. ಅಸ್ತಮಾ ಇರುವವರು ಮೂರನ್ನು ತಿಳಿದರೆ ಸಾಕು. 4 ಐಜಿಇ ಮಾಡಿಸುತ್ತದೆ. 5 ಇಯೊಸಿನೊಫಿಲ್‌ ಅನ್ನುವ ಒಂದು ಬಗೆಯ ಬಿಳಿ ರಕ್ತಕಣಗಳನ್ನು ಬೆಳೆಸಿ ಸಾಯದ ಹಾಗೆ ಕಾಯುತ್ತದೆ. 13 ಕಫ ಹೆಚ್ಚಿಸುತ್ತದೆ, ಸ್ನಾಯು ಸಣ್ಣದಕ್ಕೂ ಬಿಗಿಯುವ ಹಾಗೆ ಮಾಡುತ್ತದೆ.

ಐಎಲ್-13 ಇನ್ನೂ ಒಂದು ಗುರುತು ಬಿಡುತ್ತದೆ. ಒಳಪದರದ ಕೋಶಗಳಿಂದ ನೈಟ್ರಿಕ್ ಆಕ್ಸೈಡ್ ಅನಿಲ ಮಾಡಿಸುತ್ತದೆ. ಅದು ಉಸಿರಿನಲ್ಲಿ ಹೊರಬರುತ್ತದೆ. ಕೆಲವು ಆಸ್ಪತ್ರೆಗಳಲ್ಲಿ ಒಂದು ಸಣ್ಣ ಯಂತ್ರಕ್ಕೆ ಉದ್ದವಾಗಿ ಊದಿಸಿ ಅದನ್ನೇ ಅಳೆಯುತ್ತಾರೆ. ದೊಡ್ಡವರಲ್ಲಿ 25 ಪಿಪಿಬಿಗಿಂತ (ನೂರು ಕೋಟಿ ಪಾಲಿನಲ್ಲಿ 25 ಪಾಲು) ಕಮ್ಮಿ ಇದ್ದರೆ ಈ ಬಗೆಯ ಉರಿಯೂತ ಇರುವ ಸಾಧ್ಯತೆ ಕಡಿಮೆ, 50 ದಾಟಿದರೆ ಜಾಸ್ತಿ. ನಮ್ಮ ಉಸಿರೇ ಒಳಗಿನ ಮಾತನ್ನು ಹೊರಗೆ ಹೇಳುತ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗು.

ರಕ್ತದಲ್ಲಿ ಇಯೊಸಿನೊಫಿಲ್ ಜಾಸ್ತಿ ಅಂತ ಬಂದಿದೆ. ಭಯಪಡಬೇಕಾ?

ಅಷ್ಟಕ್ಕೇ ಭಯ ಬೇಡ. ಅಲರ್ಜಿಯಲ್ಲೂ ಏರುತ್ತದೆ, ಹುಳ ಇದ್ದರೂ ಏರುತ್ತದೆ. ಇವು ಮೂಳೆಮಜ್ಜೆಯಲ್ಲಿ ಹುಟ್ಟುತ್ತವೆ. ಉಸಿರುಕೊಳವೆ ಇಯೊಟ್ಯಾಕ್ಸಿನ್ ಅನ್ನುವ ಸಂದೇಶ ಬಿಟ್ಟಾಗ ಅದರ ಜಾಡು ಹಿಡಿದು ಬರುತ್ತವೆ. ಬಂದಮೇಲೆ ಹುಳದ ಮೈ ಸುಡಲು ಇಟ್ಟುಕೊಂಡಿದ್ದ ಪ್ರೊಟೀನುಗಳನ್ನು ಇಲ್ಲಿ ಸುರಿಯುತ್ತವೆ. ಹುಳ ಇಲ್ಲ, ಸುಡುವುದು ನಮ್ಮದೇ ಒಳಪದರ.

ಕಫ ಅಷ್ಟೊಂದು ಅಂಟು ಯಾಕೆ? ಎಷ್ಟು ಕೆಮ್ಮಿದರೂ ಬರಲ್ಲ.

ಕೆರಳಿದ ದಿನಗಳಲ್ಲಿ ಬರುವ ಕಫವನ್ನು ನೋಡಿ. ನೀರಾಗಿ ಇರುವುದಿಲ್ಲ. ಸಬ್ಬಕ್ಕಿ ಪಾಯಸ ತಣ್ಣಗಾದ ಮೇಲೆ ಆಗುತ್ತಲ್ಲ, ಹಾಗೆ ಎಳೆ ಎಳೆಯಾಗಿ ಗಟ್ಟಿ. ಐಎಲ್-13 ಒಳಪದರದ ಕೋಶಗಳನ್ನು ಲೋಳೆ ಮಾಡುವ ಕೋಶಗಳಾಗಿ ಬದಲಿಸುತ್ತದೆ, ಅವು ಎಂಯುಸಿ5ಎಸಿ ಅನ್ನುವ ಅಂಟು ಪ್ರೊಟೀನನ್ನು ಜಾಸ್ತಿ ಸುರಿಸುತ್ತವೆ. ಅದರಲ್ಲಿ ಸತ್ತ ಇಯೊಸಿನೊಫಿಲ್‌ಗಳೂ ಸಿಕ್ಕಿಕೊಂಡಿರುತ್ತವೆ.

ಮೈಕ್ರೋಸ್ಕೋಪಿನಡಿ ಇಟ್ಟರೆ ಈ ಕಫದಲ್ಲಿ ಸೂಜಿಯ ಹಾಗೆ ಎರಡೂ ತುದಿ ಚೂಪಾದ ಹರಳುಗಳು ಕಾಣುತ್ತವೆ. ಶಾರ್ಕೋ 1853ರಲ್ಲೂ ಲೈಡನ್ 1872ರಲ್ಲೂ ಇವನ್ನು ಬರೆದಿಟ್ಟಿದ್ದರು, ಹರಳುಗಳಿಗೆ ಅವರ ಹೆಸರೇ ಉಳಿಯಿತು. ಇಯೊಸಿನೊಫಿಲ್‌ನ ಗ್ಯಾಲೆಕ್ಟಿನ್-10 ಪ್ರೊಟೀನ್ ಹೆಪ್ಪುಗಟ್ಟಿ ಆಗುವುದು ಇದು. ನೂರೈವತ್ತು ವರ್ಷ ಇವನ್ನು ಬರೀ ಕಸ ಅಂತ ಬಿಟ್ಟಿದ್ದರು. 2019ರಲ್ಲಿ ಬೆಲ್ಜಿಯಂನ ಸಂಶೋಧಕರು ಈ ಹರಳುಗಳೇ ಹೊಸದಾಗಿ ಉರಿಯೂತ ಎಬ್ಬಿಸುತ್ತವೆ ಅಂತ ಇಲಿಗಳಲ್ಲಿ ತೋರಿಸಿದರು. ಪ್ರತಿಕಾಯ ಕೊಟ್ಟು ಹರಳನ್ನು ಕರಗಿಸಿಯೂ ತೋರಿಸಿದರು.

ನೀಲಿ ಪಫ್ ತಗೊಂಡರೆ ಐದು ನಿಮಿಷದಲ್ಲಿ ಸರಿಹೋಗುತ್ತೆ. ದಿನಾ ತಗೊಳ್ಳೋ ಇನ್ನೊಂದು ಇನ್ಹೇಲರ್ ಯಾಕೆ?

ಈ ಪುಟ ಬರೆಯಲು ಕೂತಿದ್ದೇ ಈ ಪ್ರಶ್ನೆಗಾಗಿ.

ನೀಲಿ ಪಫ್‌ನಲ್ಲಿ ಇರುವುದು ಸಾಲ್ಬುಟಮಾಲ್. 1969ರಿಂದ ಬಳಕೆಯಲ್ಲಿದೆ, ಎಷ್ಟೋ ಜೀವ ಉಳಿಸಿದೆ. ಅದು ಬಿಗಿದ ಸ್ನಾಯುವನ್ನು ಸಡಿಲ ಮಾಡುತ್ತದೆ. ದಾರಿ ತೆರೆದುಕೊಳ್ಳುತ್ತದೆ, ಸುಂಯ್ ಸದ್ದು ನಿಲ್ಲುತ್ತದೆ. ಆದರೆ ಮೇಲೆ ಇಷ್ಟು ಹೊತ್ತು ಹೇಳಿದೆನಲ್ಲ, ಅಲಾರಂ, ಟಿಎಚ್2, ಐಎಲ್-5, ಕಫ, ಹರಳು, ಇವುಗಳಲ್ಲಿ ಒಂದನ್ನೂ ಅದು ಮುಟ್ಟುವುದಿಲ್ಲ. ಸದ್ದು ನಿಂತಿರುತ್ತದೆ, ಒಳಗೆ ಸಂದೇಶಗಳು ಓಡಾಡುತ್ತಲೇ ಇರುತ್ತವೆ.

ಆ ಸಂದೇಶಗಳನ್ನು ತಗ್ಗಿಸುವುದು ಉಸಿರಿನಲ್ಲಿ ಎಳೆದುಕೊಳ್ಳುವ ಸ್ಟೀರಾಯ್ಡ್. ಅದು ಕೋಶದೊಳಗೆ ಹೋಗಿ ತನ್ನ ರಿಸೆಪ್ಟರಿಗೆ ಅಂಟಿ, ಅಲ್ಲಿಂದ ನ್ಯೂಕ್ಲಿಯಸ್ಸಿಗೆ ಹೋಗುತ್ತದೆ. ಉರಿಯೂತದ ಸಂದೇಶ ಬರೆಯುವ ಜೀನುಗಳನ್ನು ಅಲ್ಲೇ ಮುಚ್ಚಿಸುತ್ತದೆ. ಇಯೊಸಿನೊಫಿಲ್‌ಗಳು ಬೇಗ ಸಾಯುವ ಹಾಗೂ ಮಾಡುತ್ತದೆ. ಜೀನಿನ ಮಟ್ಟದ ಕೆಲಸ ಆದ್ದರಿಂದ ನಿಮಿಷಗಳಲ್ಲಿ ಗೊತ್ತಾಗುವುದಿಲ್ಲ, ಪೂರ್ತಿ ಫಲ ಕಾಣಲು ದಿನಗಳು, ವಾರಗಳು ಬೇಕು. ಇದೇ ಕಾರಣಕ್ಕೆ ಜನ "ಇದರಿಂದ ಏನೂ ಪ್ರಯೋಜನ ಇಲ್ಲ" ಅಂತ ಬಿಟ್ಟುಬಿಡುತ್ತಾರೆ.

ನಾನೂ ಬಿಟ್ಟಿದ್ದೆ. ಎರಡನೇ ಪಿಯುಸಿಯಲ್ಲಿದ್ದಾಗ ಆರು ತಿಂಗಳು ಆರಾಮಾಗಿದ್ದೆ. "ಸ್ಟೀರಾಯ್ಡ್ ಅಂತೆ, ಅಭ್ಯಾಸ ಆಗಿಬಿಡುತ್ತೆ" ಅಂತ ಯಾರೋ ಹೇಳಿದ ಮಾತು ಕೇಳಿ ನಿಲ್ಲಿಸಿದೆ. ಮೂರು ವಾರ ಏನೂ ಆಗಲಿಲ್ಲ. ಐದನೇ ವಾರದಿಂದ ರಾತ್ರಿ ಕೆಮ್ಮು. ನೀಲಿ ಪಫ್ ದಿನಕ್ಕೆ ಎಂಟು ಹತ್ತು ಸಲ. ಫಿಸಿಕ್ಸ್ ಪರೀಕ್ಷೆಯ ಹಿಂದಿನ ರಾತ್ರಿ ಅಪ್ಪ ಸ್ಕೂಟರಿನಲ್ಲಿ ಕೂರಿಸಿಕೊಂಡು ನರ್ಸಿಂಗ್ ಹೋಮಿಗೆ ಹೋದರು. ಬೆಳಗಿನ ಜಾವದವರೆಗೂ ನೆಬ್ಯುಲೈಜರ್ ಮುಖಕ್ಕೆ ಕಟ್ಟಿಕೊಂಡು ಕೂತಿದ್ದೆ. ಅಪ್ಪ ಬೆನ್ನು ನೀವುತ್ತಾ ಒಂದು ಮಾತೂ ಆಡಲಿಲ್ಲ.

ಇನ್ಹೇಲರಿನ ಸ್ಟೀರಾಯ್ಡ್ ಮೈಕ್ರೋಗ್ರಾಂ ಲೆಕ್ಕದಲ್ಲಿ, ನೇರ ಕೊಳವೆಗೇ ಹೋಗುತ್ತದೆ. ಬಾಯಲ್ಲಿ ಬಿಳಿ ಅಗ್ರ, ದನಿ ಗೊಗ್ಗರಾಗುವುದು ಇದರ ಸಾಮಾನ್ಯ ತೊಂದರೆ. ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಪಫ್ ಆದರೆ ಸ್ಪೇಸರ್ (ಪಫ್‌ಗೆ ಸಿಕ್ಕಿಸುವ ಕೊಳವೆಯಂಥ ಡಬ್ಬಿ) ಬಳಸಬೇಕು. ಜಗತ್ತಿನಾದ್ಯಂತ ಡಾಕ್ಟರುಗಳು ನೋಡುವ ಜಿನಾ ಮಾರ್ಗಸೂಚಿ 2019ರಿಂದ ದೊಡ್ಡವರು, ಹದಿಹರೆಯದವರು ಬರೀ ನೀಲಿ ಪಫ್ ಒಂದನ್ನೇ ನಂಬಿಕೊಂಡಿರುವುದು ಬೇಡ ಅಂತ ಹೇಳುತ್ತಿದೆ. ನೀಲಿ ಡಬ್ಬಿ ಬೇಗ ಬೇಗ ಖಾಲಿಯಾಗುತ್ತಿದ್ದರೆ ಒಳಗೆ ಉರಿ ಏರುತ್ತಿದೆ ಅಂತಲೇ ಲೆಕ್ಕ.

ಅಲರ್ಜಿ ಮಾತ್ರೆ ನುಂಗಿದರೆ ಸಾಕಲ್ವಾ?

ಅಲರ್ಜಿ ಮಾತ್ರೆ ತಡೆಯುವುದು ಹಿಸ್ಟಮಿನ್ ಅನ್ನು. ಸೀನು, ಮೂಗು ಸೋರುವುದಕ್ಕೆ ಅದು ಒಳ್ಳೆಯದು, ಯಾಕೆಂದರೆ ಅಲ್ಲಿ ಹಿಸ್ಟಮಿನ್ ಪಾಲು ದೊಡ್ಡದು. ಎದೆಯಲ್ಲಿ ಲ್ಯೂಕೋಟ್ರೈನ್‌ಗಳದ್ದೇ ಜಾಸ್ತಿ ಕಾರಬಾರು. ಅವನ್ನು ತಡೆಯುವ ಮಾತ್ರೆ ಮಾಂಟೆಲುಕಾಸ್ಟ್. ಆದರೆ ಅದನ್ನು ತಗೊಂಡ ಕೆಲವರಲ್ಲಿ ನಿದ್ದೆ ಕೆಡುವುದು, ಕೆಟ್ಟ ಕನಸು, ಸಿಡುಕು, ಮನಸ್ಸು ಕುಗ್ಗುವುದು ಕಂಡುಬಂದಿದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಇದಕ್ಕೆ ತನ್ನ ಅತಿ ಗಟ್ಟಿ ಎಚ್ಚರಿಕೆ ಹಾಕಿಸಿತು. ಮಗು ಈ ಮಾತ್ರೆ ಶುರು ಮಾಡಿದ ಮೇಲೆ ಸ್ವಭಾವ ಬದಲಾದ ಹಾಗೆ ಕಂಡರೆ ತಕ್ಷಣ ಡಾಕ್ಟರಿಗೆ ಹೇಳಿ.

ದುಬಾರಿ ಇಂಜೆಕ್ಷನ್ ಬಂದಿದೆಯಂತೆ, ಅದು ಏನು ಮಾಡುತ್ತೆ?

ಇವನ್ನು ಬಯಾಲಾಜಿಕ್ ಅನ್ನುತ್ತಾರೆ. ಒಂದೊಂದೂ ಒಂದೊಂದು ಸಂದೇಶವನ್ನು ದಾರಿಯಲ್ಲೇ ಹಿಡಿಯುತ್ತದೆ. ಅಮೆರಿಕದಲ್ಲಿ ಅನುಮತಿ ಸಿಕ್ಕ ಸಾಲಿನಲ್ಲಿ ಹೇಳಿದರೆ: 2003ರ ಒಮಾಲಿಜುಮಾಬ್ ಐಜಿಇಯನ್ನು, 2015ರ ಮೆಪೊಲಿಜುಮಾಬ್ ಐಎಲ್-5 ಅನ್ನು ಹಿಡಿಯುತ್ತವೆ. 2018ರಲ್ಲಿ ಅಸ್ತಮಾಗೆ ಬಂದ ಡುಪಿಲುಮಾಬ್ ಐಎಲ್-4, ಐಎಲ್-13 ಎರಡೂ ಕೂರುವ ಒಂದೇ ರಿಸೆಪ್ಟರನ್ನು ಮುಚ್ಚುತ್ತದೆ. 2021ರ ಟೆಜೆಪೆಲುಮಾಬ್ ಇನ್ನೂ ಮೇಲಕ್ಕೆ ಹೋಗಿ ಅಲಾರಂ ಆದ ಟಿಎಸ್‌ಎಲ್‌ಪಿಯನ್ನೇ ತಡೆಯುತ್ತದೆ.

ಮೆಪೊಲಿಜುಮಾಬ್ ಹಾದುಬಂದ ದಾರಿ ತಿಳಿಯಬೇಕಾದದ್ದು. ಮೊದಲು ಅಸ್ತಮಾ ಇರುವ ಎಲ್ಲ ಬಗೆಯವರಿಗೂ ಕೊಟ್ಟು ನೋಡಿದರು. ಲಾಭ ಕಾಣಲಿಲ್ಲ. ಔಷಧಿ ಸೋತಿತು ಅಂತಲೇ ಎಲ್ಲರೂ ಅಂದುಕೊಂಡಿದ್ದರು. 2009ರಲ್ಲಿ ಇಯೊಸಿನೊಫಿಲ್ ಜಾಸ್ತಿ ಇರುವವರನ್ನು ಮಾತ್ರ ಆರಿಸಿ ಕೊಟ್ಟಾಗ ಜೋರಾಗಿ ಕೆರಳುವುದು ಕಡಿಮೆಯಾಯಿತು. ಮುಂದಿನ ದೊಡ್ಡ ಪರೀಕ್ಷೆಯಲ್ಲಿ ಅದು ಸುಮಾರು ಅರ್ಧಕ್ಕೆ ಇಳಿಯಿತು. ಅದೇ ಔಷಧಿ, ಅದೇ ಅಣು. ಯಾರ ಮೈಯಲ್ಲಿ ಯಾವ ಸಂದೇಶ ಓಡುತ್ತಿದೆ ಅಂತ ಮೊದಲು ನೋಡಿದ್ದೇ ವ್ಯತ್ಯಾಸ. ಅದಕ್ಕೇ ಇಂಜೆಕ್ಷನ್‌ಗೆ ಮುಂಚೆ ಡಾಕ್ಟರು ಇಷ್ಟೊಂದು ರಕ್ತಪರೀಕ್ಷೆ ಬರೆಯುವುದು. ಇವು ತೀವ್ರ ಅಸ್ತಮಾ ಇರುವವರಿಗೆ. ಇನ್ಹೇಲರನ್ನೇ ಸರಿಯಾಗಿ ತಗೊಳ್ಳದವರಿಗೆ ಮೊದಲು ಅದನ್ನು ಸರಿ ಮಾಡಿಸಬೇಕು.

ಬೆಂಗಳೂರಿಗೆ ಬಂದ ಮೇಲೇ ನನಗೆ ಶುರುವಾಯ್ತು. ಊರಿನ ಗಾಳಿ ಕಾರಣಾನಾ?

ಬಹಳ ಜನ ಹೀಗೆ ಹೇಳುತ್ತಾರೆ. ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಬೆಂಗಳೂರಿನ ಆಸ್ಪತ್ರೆಯಲ್ಲಿ 20,000 ಮಕ್ಕಳನ್ನು ನೋಡಿ ಬರೆದ ಲೆಕ್ಕದಲ್ಲಿ ಅಸ್ತಮಾ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆಗಿತ್ತು. ಅದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ, ಊರಿನ ಎಲ್ಲ ಮಕ್ಕಳದ್ದಲ್ಲ. ಆದರೂ ಏರಿದ ರೀತಿ ಗಾಬರಿ ಹುಟ್ಟಿಸುತ್ತದೆ.

ಖಾಲಿ ಸೈಟಿನಲ್ಲೆಲ್ಲ ಬೆಳೆಯುವ ಕಾಂಗ್ರೆಸ್ ಗಿಡವನ್ನೂ ಮರೆಯಬಾರದು. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಪಾರ್ಥೇನಿಯಂ ಇದು. ಈ ಒಂದೇ ಗಿಡ ಎರಡು ಬೇರೆ ಬೇರೆ ದಾರಿಯಲ್ಲಿ ಕಾಡುತ್ತದೆ. ಇದರ ಪರಾಗ ಮೂಗಿಗೆ ಹೋದರೆ ಐಜಿಇ, ಮಾಸ್ಟ್ ಕೋಶದ ದಾರಿ, ನಿಮಿಷಗಳಲ್ಲಿ ಸೀನು. ಇದರ ರಸದಲ್ಲಿರುವ ಪಾರ್ಥೇನಿನ್ ಚರ್ಮಕ್ಕೆ ತಾಗಿದರೆ ಐಜಿಇಯ ಕೆಲಸವೇ ಇಲ್ಲ, ಟಿ ಕೋಶಗಳೇ ನೇರವಾಗಿ ಬರುತ್ತವೆ, ಒಂದೆರಡು ದಿನದ ಮೇಲೆ ತುರಿಕಜ್ಜಿ. ಬರಿಗೈಯಲ್ಲಿ ಕೀಳಬೇಡಿ.

ಮಳೆ ಬಂದರೆ ಧೂಳು ಹೋಗಬೇಕು. ಗುಡುಗು ಮಳೆಯಲ್ಲಿ ಯಾಕೆ ಜಾಸ್ತಿ?

2016ರ ನವೆಂಬರ್ 21ರ ಸಂಜೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಬಿರುಗಾಳಿ ಮಳೆ ಬಂತು. ಸಾವಿರಾರು ಜನ ಉಸಿರಾಡಲಾಗದೆ ಆಸ್ಪತ್ರೆಗೆ ಓಡಿದರು. ಹತ್ತು ಜನ ತೀರಿಹೋದರು. ಅದು ರೈ ಹುಲ್ಲು ಹೂಬಿಡುವ ಕಾಲ. ಪರಾಗದ ಇಡೀ ಕಣ ದೊಡ್ಡದು, ಮೂಗಿನಲ್ಲೇ ಸಿಕ್ಕಿಕೊಳ್ಳುತ್ತದೆ. ಒದ್ದೆಯಾಗಿ ಒಡೆದಾಗ ಅದರೊಳಗಿನ ಪುಡಿ 3 ಮೈಕ್ರಾನ್‌ಗಿಂತ ಸಣ್ಣದು, ಅದು ಎದೆಯ ಆಳಕ್ಕೆ ಇಳಿಯುತ್ತದೆ. ಅವತ್ತು ಬಂದವರಲ್ಲಿ ಬಹಳ ಜನಕ್ಕೆ ಅದುವರೆಗೂ ಇದ್ದದ್ದು ಬರೀ ಮೂಗಿನ ಅಲರ್ಜಿ. ಮೂಗಿನ ಅಲರ್ಜಿಯನ್ನು ಹಗುರ ಮಾಡಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಹಳ್ಳಿಯಲ್ಲಿ ಕೊಟ್ಟಿಗೆ ಪಕ್ಕ ಬೆಳೆದ ಮಕ್ಕಳಿಗೆ ಕಮ್ಮಿ ಅಂತಾರೆ, ನಿಜಾನಾ?

ಒಂದು ಒಳ್ಳೆಯ ಅಧ್ಯಯನ ಇದೆ, ಅಮೆರಿಕದ್ದು, 2016ರಲ್ಲಿ ಪ್ರಕಟವಾದದ್ದು. ಆಮಿಷ್ ಮತ್ತು ಹಟರೈಟ್ ಅಂತ ಎರಡು ಕೃಷಿಕ ಸಮುದಾಯ. ವಂಶ, ಊಟ, ಬದುಕಿನ ರೀತಿ ಬಹಳ ಹತ್ತಿರ. ಆಮಿಷ್ ಜನ ಮನೆ ಪಕ್ಕದಲ್ಲೇ ಹಸು ಕಟ್ಟಿ, ಕುದುರೆಯಿಂದ ಉಳುತ್ತಾರೆ. ಹಟರೈಟರದ್ದು ಯಂತ್ರದ ದೊಡ್ಡ ಫಾರಂ, ಮಕ್ಕಳು ಅದರಿಂದ ದೂರ. ಆಮಿಷ್ ಮಕ್ಕಳಲ್ಲಿ ಅಸ್ತಮಾ ಶೇ. 5.2, ಹಟರೈಟ್ ಮಕ್ಕಳಲ್ಲಿ ಶೇ. 21.3. ಆಮಿಷ್ ಮನೆಯ ಧೂಳಿನಲ್ಲಿ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ 6.8 ಪಟ್ಟು ಜಾಸ್ತಿ. ಆ ಧೂಳನ್ನು ಇಲಿಗಳ ಮೂಗಿಗೆ ಹಾಕಿದಾಗ ಅಲರ್ಜಿಯಿಂದ ರಕ್ಷಣೆ ಸಿಕ್ಕಿತು. ಬ್ಯಾಕ್ಟೀರಿಯಾ ಸುಳಿವು ಹಿಡಿಯುವ ಸಂದೇಶದ ದಾರಿಯೇ ಇಲ್ಲದ ಇಲಿಗಳಲ್ಲಿ ಆ ರಕ್ಷಣೆ ಸಿಗಲಿಲ್ಲ. ಅಂದರೆ ಚಿಕ್ಕಂದಿನಲ್ಲಿ ರೋಗನಿರೋಧಕ ಕೋಶಗಳಿಗೆ ಸಿಗುವ ಸಂದೇಶಗಳೂ ಲೆಕ್ಕಕ್ಕೆ ಬರುತ್ತವೆ.

ಇದನ್ನು ಓದಿ ಈಗಾಗಲೇ ಅಸ್ತಮಾ ಇರುವ ಮಗುವನ್ನು ಕೊಟ್ಟಿಗೆಗೆ ಕಳಿಸಬೇಡಿ. ಸೌದೆ ಒಲೆಯ ಹೊಗೆಗೂ ಈ ಮಾತು ಹೊಂದುವುದಿಲ್ಲ, ಹೊಗೆ ಕೆಡುಕೇ.

ಹೈದರಾಬಾದಿನ ಮೀನು ಮದ್ದು ತಗೊಳ್ಳಬಹುದಾ?

ಜೂನ್‌ನಲ್ಲಿ ಮೃಗಶಿರಾ ಮಳೆ ಹುಟ್ಟುವ ದಿನ ಜೀವಂತ ಮರಿಮೀನಿನ ಬಾಯಲ್ಲಿ ಮದ್ದಿಟ್ಟು ನುಂಗಿಸುತ್ತಾರೆ. ನಮ್ಮ ಕಡೆಯಿಂದಲೂ ಹೋಗುವವರಿದ್ದಾರೆ. ಅದು ಅಸ್ತಮಾ ಗುಣಪಡಿಸುತ್ತದೆ ಅನ್ನಲು ಸರಿಯಾದ ಪರೀಕ್ಷೆಯ ಆಧಾರ ಇಲ್ಲ. ಹೋಗುವವರ ನಂಬಿಕೆಯನ್ನು ನಾನು ಹಳಿಯುವುದಿಲ್ಲ. ಮಗುವಿಗೆ ದಮ್ಮು ಬಂದಾಗ ಅಪ್ಪ ಅಮ್ಮ ಏನು ಬೇಕಾದರೂ ಮಾಡುತ್ತಾರೆ. ಒಂದೇ ಬೇಡಿಕೆ: ಮದ್ದು ತಗೊಂಡೆವು ಅಂತ ಇನ್ಹೇಲರ್ ನಿಲ್ಲಿಸಬೇಡಿ.

ಮನೆಯಲ್ಲಿ ಏನು ಮಾಡಬಹುದು?

ಹಾಸಿಗೆಯಿಂದ ಶುರು ಮಾಡಿ. ಹೊದಿಕೆ, ದಿಂಬಿನ ಕವರುಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ನುಸಿಗೆ ತೇವ ಬೇಕು, ಹಾಗಾಗಿ ಕೋಣೆಗೆ ಗಾಳಿ ಬಿಸಿಲು ಬರಲಿ. ಒಣ ಪೊರಕೆಯ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಅಟ್ಟ ಗುಡಿಸುವ ದಿನ ಅಸ್ತಮಾ ಇರುವವರು ಮನೆಯಿಂದ ಹೊರಗಿರಲಿ. ನಮ್ಮನೆಯಲ್ಲಿ ಈಗ ಆ ದಿನ ನನಗೆ ತರಕಾರಿ ತರುವ ಕೆಲಸ ಕೊಟ್ಟು ಮಾರ್ಕೆಟ್ಟಿಗೆ ಕಳಿಸುತ್ತಾರೆ.

ಯಾವಾಗ ಆಸ್ಪತ್ರೆಗೆ ಓಡಬೇಕು?

ಒಂದು ಪೂರ್ತಿ ವಾಕ್ಯ ಆಡಲು ಉಸಿರು ಸಾಲದಿದ್ದರೆ. ಉಸಿರೆಳೆದಾಗ ಪಕ್ಕೆಲುಬಿನ ನಡುವೆ, ಕುತ್ತಿಗೆಯ ಗುಳಿಯಲ್ಲಿ ಚರ್ಮ ಒಳಗೆ ಎಳೆದುಕೊಂಡರೆ. ತುಟಿ, ಉಗುರು ನೀಲಿಯಾದರೆ. ನೀಲಿ ಪಫ್ ಕೊಟ್ಟರೂ ಇಳಿಯದಿದ್ದರೆ, ಅಥವಾ ಇಳಿದು ಬೇಗ ಮತ್ತೆ ಏರಿದರೆ. ಮಗು ಮಂಕಾಗಿ ತೂಕಡಿಸುತ್ತಿದ್ದರೆ. ಬೆಳಗಾಗಲಿ ಅಂತ ಕಾಯಬೇಡಿ. ಹೋಗುವ ದಾರಿಯಲ್ಲೂ ಸ್ಪೇಸರಿನಲ್ಲಿ ಪಫ್ ಕೊಡುತ್ತಲೇ ಇರಿ.

ಇನ್ನೊಂದು, ಬಹಳ ಜನ ಮೋಸಹೋಗುವ ಗುರುತು. ಜೋರಾಗಿ ಬರುತ್ತಿದ್ದ ಸುಂಯ್ ಸದ್ದು ಇದ್ದಕ್ಕಿದ್ದಂತೆ ಕೇಳಿಸದ ಹಾಗಾಗಿ, ಮಗು ಮಾತ್ರ ಇನ್ನೂ ಏದುಸಿರು ಬಿಡುತ್ತಿದ್ದರೆ, ಸದ್ದು ಮಾಡುವಷ್ಟು ಗಾಳಿಯೂ ಒಳಗೆ ಹೋಗುತ್ತಿಲ್ಲ ಅಂತ ಅರ್ಥ. ನಿದ್ದೆ ಬಂತು ಅಂತ ಮಲಗಿಸಬೇಡಿ. ಕೂರಿಸಿಯೇ ಎತ್ತಿಕೊಳ್ಳಿ, 108ಕ್ಕೆ ಕರೆ ಮಾಡಿ.